ಜರ್ಮನ್ ಬಾರದೆ ಜರ್ಮನಿಗೆ ಹೊರಟ ನಮ್ಮೂರಿನವರಿಗೆ

ನಮ್ಮ ಮಂಗಳೂರು, ಉಡುಪಿ ಕಡೆ ಪರದೇಶ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗಲ್ಫ್. ದುಬೈಯಲ್ಲಿ ಇದ್ದು ಬಂದ ಮಾವ, ಕುವೈತಿನ ಚಿಕ್ಕಪ್ಪ, ಮಸ್ಕತ್‌ನಲ್ಲಿ ಮನೆ ಮಾಡಿದ ಪಕ್ಕದ ಮನೆಯ ಅಕ್ಕ, ಎಲ್ಲರೂ ಒಂದೇ ಧೈರ್ಯ ಹೇಳುತ್ತಾರೆ: "ಭಾಷೆ ಎಂತಕ್ಕೆ ಮಾರಾಯ್ರೇ, ಹೋದ ಮೇಲೆ ಎಲ್ಲ ಸರಿ ಆಗ್ತದೆ." ಅವರ ಮಟ್ಟಿಗೆ ಅದು ನಿಜವೇ. ಅಲ್ಲಿ ಅರಬಿ ಒಂದಕ್ಷರ ಬಾರದಿದ್ದರೂ ಹಿಂದಿ, ಮಲಯಾಳಂ, ಇಂಗ್ಲಿಷ್ ಹಿಡಿದುಕೊಂಡು ವರ್ಷಗಟ್ಟಲೆ ಇರಬಹುದು. ಕೆಲವು ಅಂಗಡಿಗಳಲ್ಲಿ ತುಳುವೇ ಸಾಕು.

ಆದರೆ ಈಗ ನರ್ಸಿಂಗ್ ಮುಗಿಸಿದ ಮಕ್ಕಳು, ಎಂಜಿನಿಯರ್‌ಗಳು, ಎಂಎಸ್ ಮಾಡುವವರು, ಅವರ ಜೊತೆ ಹೆಂಡತಿಯೋ ಗಂಡನೋ ಹೊರಡುತ್ತಿರುವುದು ಜರ್ಮನಿಗೆ. ಅಲ್ಲಿಗೆ ಈ ಮಾತು ನಡೆಯುವುದಿಲ್ಲ. ದೊಡ್ಡ ಊರಿನ ಐಟಿ ಆಫೀಸಿನ ಒಳಗೆ ಇಂಗ್ಲಿಷ್ ಸಾಕಾಗಬಹುದು. ಹೊರಗೆ ಬಂದರೆ ಬಾಡಿಗೆ ಕರಾರು, ಕರೆಂಟ್ ಬಿಲ್, ಮಗುವಿನ ಶಾಲೆಯಿಂದ ಬಂದ ಚೀಟಿ, ಸರಕಾರಿ ಅರ್ಜಿ ಎಲ್ಲವೂ ಜರ್ಮನ್‌ನಲ್ಲೇ.

ನಾನು ಅಲ್ಲಿ ಕೆಲವು ವರ್ಷ ಇದ್ದು ಈಗ ಮಂಗಳೂರಿಗೆ ವಾಪಸ್ ಬಂದಿದ್ದೇನೆ. ಹೊರಡುವವರು ಯಾರಾದರೂ ಬಂದು ಕೇಳಿದರೆ ಮೊದಲು ಹೇಳುವುದು ಇದನ್ನೇ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತು ಬಾರದಿದ್ದರೆ ಏನೂ ಆಗುವುದಿಲ್ಲ. ಬೆರಳು ತೋರಿಸಿದರೆ ಬ್ರೆಡ್ ಸಿಗುತ್ತದೆ, ನಕ್ಕರೆ ಅವರೂ ನಗುತ್ತಾರೆ. ಜನ ಸಿಕ್ಕಿಬೀಳುವುದು ಎರಡು ಕಡೆ. ಒಂದು ಮನೆಯ ಅಂಚೆ ಪೆಟ್ಟಿಗೆ, ಇನ್ನೊಂದು ಫೋನ್. ಮೊದಲ ಕೆಲವು ತಿಂಗಳ ಶಕ್ತಿಯನ್ನೆಲ್ಲ ಈ ಎರಡರ ಮೇಲೆ ಹಾಕಿ. ಉಳಿದದ್ದು ತನ್ನಷ್ಟಕ್ಕೆ ಬರುತ್ತದೆ.

ನರ್ಸ್‌ಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಅವರಿಗೆ ಅಲ್ಲಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಕೆಲಸದ ಜಾಗದಲ್ಲಿ ಸಲೀಸಾಗಿ ಮಾತಾಡುವಷ್ಟು ಜರ್ಮನ್ ಬೇಕು, ಹಾಗಾಗಿ ಸ್ವಲ್ಪ ಕಷ್ಟಪಟ್ಟು ಕಲಿತೇ ಹೋಗಿರುತ್ತಾರೆ. ಬ್ಲೂ ಕಾರ್ಡ್ (ಹೆಚ್ಚು ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಮೇಲೆ ಹೋಗುವವರ ಹೆಂಡತಿ ಅಥವಾ ಗಂಡನಿಗೆ ವೀಸಾಕ್ಕೆ ಭಾಷಾ ಪರೀಕ್ಷೆ ಕೇಳುವುದಿಲ್ಲ. ಅದೊಂದು ಅನುಕೂಲ ಅಂತ ಎಲ್ಲರೂ ಖುಷಿಪಡುತ್ತಾರೆ. ಆದರೆ ಅದೇ ಕಾರಣಕ್ಕೆ ಒಂದಕ್ಷರವೂ ಗೊತ್ತಿಲ್ಲದೆ ಹೋಗಿ, ಇಡೀ ದಿನ ಮನೆಯಲ್ಲಿ ಒಬ್ಬರೇ ಕೂತಿರುವವರು ಇವರೇ. ಈ ಬರಹ ಜಾಸ್ತಿ ಅವರಿಗಾಗಿ.

ಊರು ಬಿಡುವ ಮೊದಲು

ಇಲ್ಲಿ ಸೂಟ್‌ಕೇಸ್ ತೂಕ ನೋಡುವುದರಲ್ಲೇ ಕೊನೆಯ ವಾರ ಹೋಗುತ್ತದೆ. ಅದಕ್ಕಿಂತ ಮೊದಲೇ ನಿಮ್ಮ ಹೆಸರಿನ ಅಕ್ಷರಗಳನ್ನು ಜರ್ಮನ್ ರೀತಿಯಲ್ಲಿ ಹೇಳಲು ಕಲಿಯಿರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಅಲ್ಲಿ ಇಂಗ್ಲಿಷಿನ 'ಎ' ಅಕ್ಷರವನ್ನು ಆ ಅನ್ನುತ್ತಾರೆ, 'ಇ'ಯನ್ನು ಏ, 'ಐ'ಯನ್ನು ಈ. ನೀವು ಇಂಗ್ಲಿಷಿನಂತೆ 'ಇ' ಅಂದರೆ ಅವರು 'ಐ' ಅಂತ ಬರೆದುಕೊಳ್ಳುತ್ತಾರೆ. ಹೆಸರು ತಪ್ಪಾಗಿ ದಾಖಲಾದರೆ ಬ್ಯಾಂಕು, ವಿಮೆ, ಬಾಡಿಗೆ ಎಲ್ಲ ಕಡೆ ಅದೇ ತಪ್ಪು ಮುಂದುವರಿಯುತ್ತದೆ. ಇನ್ನೊಂದು, ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ ಅಥವಾ ಅಪ್ಪನ ಹೆಸರು, ಮನೆ ಹೆಸರು ಒಟ್ಟಿಗೆ ಸೇರಿರುತ್ತದೆ. ಅದನ್ನು ಸರಿಮಾಡುವುದಿದ್ದರೆ ಇಲ್ಲೇ ಮಾಡಿ, ವೀಸಾಕ್ಕೆ ಅರ್ಜಿ ಹಾಕುವ ಮೊದಲು.

ಅಂಕಿ ನೂರರವರೆಗೆ ಕಲಿಯಿರಿ. ಜರ್ಮನ್‌ನಲ್ಲಿ 24 ಅನ್ನು ನಾಲ್ಕು-ಮತ್ತು-ಇಪ್ಪತ್ತು ಅನ್ನುವ ಕ್ರಮದಲ್ಲಿ ಹೇಳುತ್ತಾರೆ. ಕೇಳಿ ಬರೆದುಕೊಳ್ಳುವಾಗ 42 ಆಗಿಬಿಡುತ್ತದೆ. ಬರೆದದ್ದರಲ್ಲಿಯೂ ಸ್ವಲ್ಪ ನೋಡಿಕೊಳ್ಳಿ: ಪೈಸೆ ಬರುವ ಕಡೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ. 1.500 ಅಂದರೆ ಒಂದೂವರೆ ಯೂರೋ ಅಲ್ಲ, ಒಂದೂವರೆ ಸಾವಿರ. ಕೈಬರಹದಲ್ಲಿ ಅವರ ಒಂದು ನಮಗೆ ಏಳರಂತೆ ಕಾಣುತ್ತದೆ, ಏಳಿಗೆ ಮಧ್ಯದಲ್ಲಿ ಗೆರೆ ಇರುತ್ತದೆ. ಅಪಾಯಿಂಟ್‌ಮೆಂಟ್ ಸಮಯವನ್ನು ಯಾವತ್ತೂ ಬಾಯಲ್ಲಿ ಕೇಳಿ ನಂಬಬೇಡಿ, ಕಾಗದ ಮುಂದಿಟ್ಟು ಅಂಕಿಯಲ್ಲಿ ಬರೆಸಿಕೊಳ್ಳಿ.

ಫೋನಿನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಹಾಕಿ, ಜರ್ಮನ್ ಭಾಷೆಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್ ಇಲ್ಲದಾಗಲೂ ಕೆಲಸ ಮಾಡುತ್ತದೆ. ಕ್ಯಾಮೆರಾ ಹಿಡಿದು ಓದುವ ಸೌಲಭ್ಯವನ್ನು ಮನೆಯಲ್ಲೇ ಕೂತು ಅಭ್ಯಾಸ ಮಾಡಿ. ನನ್ನ ಸಲಹೆ, ಸರಕಾರಿ ಪತ್ರಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ಮಾಡಿ ಓದಿ. ಕನ್ನಡಕ್ಕೆ ಮಾಡಿದರೆ ಕಾನೂನಿನ ಮಾತುಗಳು ಎಲ್ಲೆಲ್ಲಿಗೋ ಹೋಗುತ್ತವೆ. ನೀವು ಬರೆಯುವಾಗ ಚಿಕ್ಕ ಚಿಕ್ಕ ಪೂರ್ಣ ವಾಕ್ಯ ಬರೆಯಿರಿ, ಜರ್ಮನ್‌ಗೆ ಮಾಡಿದ್ದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿ. ಅರ್ಥ ಉಳಿದಿದ್ದರೆ ಕಳುಹಿಸಿ.

ಹಲ್ಲು ನೋವು ಇದ್ದರೆ ಇಲ್ಲೇ ತೋರಿಸಿಕೊಂಡು ಹೋಗಿ, ಕನ್ನಡಕ ಎರಡು ಮಾಡಿಸಿಕೊಳ್ಳಿ. ದಿನಾ ಮಾತ್ರೆ ತಗೊಳ್ಳುವವರು ಕಂಪನಿ ಹೆಸರು ಬಿಟ್ಟು ಔಷಧದ ಮೂಲ ಹೆಸರನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಕಾರು ಓಡಿಸುವವರು ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಅಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಅಲ್ಲಿನ ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಪಾಸಾಗಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಮಿಕ್ಸಿ ಧೈರ್ಯವಾಗಿ ಒಯ್ಯಿರಿ, ಅಲ್ಲಿನದ್ದೂ 230 ವೋಲ್ಟ್ ಕರೆಂಟೇ. ನಮ್ಮ ಮೂರು ಪಿನ್ನಿನ ಪ್ಲಗ್ ಹೋಗುವುದಿಲ್ಲ, ಅದಕ್ಕೊಂದು ಅಡಾಪ್ಟರ್ ಬೇಕು ಅಷ್ಟೆ.

ಅಂಚೆ ಪೆಟ್ಟಿಗೆ

ಮನೆ ಸೇರಿದ ದಿನವೇ ಮಾಡಬೇಕಾದ ಕೆಲಸ: ಅಂಚೆ ಪೆಟ್ಟಿಗೆಯ ಮೇಲೆ ಮತ್ತು ಕರೆಗಂಟೆಯ ಪಕ್ಕ ನಿಮ್ಮ ಹೆಸರು ಅಂಟಿಸುವುದು. ಅಲ್ಲಿ ಫ್ಲ್ಯಾಟ್ ನಂಬರ್ ಇರುವುದೇ ಕಡಿಮೆ, ಅಂಚೆಯವರು ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡು, ವಿಮೆಯ ಕಾರ್ಡು, ತೆರಿಗೆ ನಂಬರ್ ಎಲ್ಲ ಅಂಚೆಯಲ್ಲೇ ಬರುವುದು. ಗಂಡನ ಹೆಸರು ಮಾತ್ರ ಅಂಟಿಸಿ ಹೆಂಡತಿಯ ಹೆಸರು ಬಿಡುವವರು ತುಂಬಾ ಜನ. ಇಬ್ಬರದ್ದೂ ಹಾಕಿ, ಮಕ್ಕಳ ಹೆಸರು ಬೇರೆ ರೀತಿ ಇದ್ದರೆ ಅದನ್ನೂ ಹಾಕಿ.

ಆಮೇಲೆ ವಿಳಾಸ ನೋಂದಣಿ. ಅಲ್ಲಿ ಎಲ್ಲರೂ ಆನ್‌ಮೆಲ್ಡುಂಗ್ ಅಂತಲೇ ಹೇಳುತ್ತಾರೆ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಮಾಡಿಸಬೇಕು. ಪಾಸ್‌ಪೋರ್ಟ್, ಅರ್ಜಿ, ಜೊತೆಗೆ ಇವರು ನನ್ನ ಮನೆಗೆ ಬಂದಿದ್ದಾರೆ ಅಂತ ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಬಾಡಿಗೆ ಕರಾರು ಇದ್ದರೆ ಸಾಕು ಅಂದುಕೊಳ್ಳಬೇಡಿ, ಈ ಕಾಗದ ಬೇರೆಯೇ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ವಿಮಾನ ಹತ್ತುವ ಮೊದಲೇ ಇಲ್ಲಿಂದ ಆನ್‌ಲೈನ್‌ನಲ್ಲಿ ಹಿಡಿದಿಡಿ. ಕೌಂಟರ್‌ನಲ್ಲಿ ಇರುವವರು ಇಂಗ್ಲಿಷ್ ಮಾತಾಡಲೇಬೇಕು ಅಂತ ಏನೂ ಇಲ್ಲ. ಕಾಗದ ಸರಿ ಇದ್ದರೆ ಮಾತಿನ ಅಗತ್ಯವೇ ಬರುವುದಿಲ್ಲ, ಇದು ನಾನು ಖಂಡಿತ ಹೇಳಬಲ್ಲೆ.

ಆ ಅರ್ಜಿಯಲ್ಲಿ ಧರ್ಮ ಕೇಳುವ ಒಂದು ಜಾಗ ಉಂಟು. ನಮ್ಮ ಕ್ರೈಸ್ತ ಬಂಧುಗಳು ಇದನ್ನು ಓದಿಕೊಳ್ಳಬೇಕು. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಚರ್ಚಿನ ಸದಸ್ಯರು ಅಂತ ದಾಖಲಾದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿತ ಆಗುತ್ತದೆ. ನಿಮ್ಮ ಆದಾಯ ತೆರಿಗೆಯ ಮೇಲೆ ಶೇ. 9, ಬವೇರಿಯಾ ಮತ್ತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8. ಸುಳ್ಳು ಬರೆಯಿರಿ ಅಂತ ನಾನು ಹೇಳುವುದಿಲ್ಲ. ಮೊದಲ ಸಂಬಳ ಚೀಟಿ ನೋಡಿ ಗಾಬರಿಯಾಗುವ ಬದಲು ಏನು ತುಂಬಿಸುತ್ತಿದ್ದೇವೆ ಅಂತ ತಿಳಿದು ತುಂಬಿಸಿ.

ನೋಂದಣಿ ಆದ ಸ್ವಲ್ಪ ದಿನಕ್ಕೆ ರೇಡಿಯೋ-ಟಿವಿ ಶುಲ್ಕ ಕೇಳಿ ಒಂದು ಪತ್ರ ಬರುತ್ತದೆ. ತಿಂಗಳಿಗೆ 18.36 ಯೂರೋ. ನಮ್ಮಲ್ಲಿ ಟಿವಿಯೇ ಇಲ್ಲ, ಯಾರೋ ಮೋಸ ಮಾಡಲು ಕಳುಹಿಸಿದ್ದು ಅಂತ ಹರಿದು ಹಾಕುವವರು ಇದ್ದಾರೆ. ಅದು ನಿಜವಾದ ಪತ್ರ, ಟಿವಿ ಇದ್ದರೂ ಇಲ್ಲದಿದ್ದರೂ ಕೊಡಬೇಕು. ಒಂದು ಮನೆಗೆ ಒಂದೇ ಶುಲ್ಕ. ಜೊತೆಯಲ್ಲಿ ಇರುವವರು ಆಗಲೇ ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಉತ್ತರ ಕಳುಹಿಸಿದರೆ ಮುಗಿಯಿತು. ಸುಮ್ನೆ ಕೂತರೆ ಮಾತ್ರ ದಂಡ ಸೇರಿಕೊಂಡು ಹೋಗುತ್ತದೆ.

ಪತ್ರ ಓದುವುದು ಹೇಗೆ? ಇಡೀ ಪತ್ರ ಅರ್ಥ ಆಗಬೇಕಿಲ್ಲ. ಯಾರು ಕಳುಹಿಸಿದ್ದು ನೋಡಿ. ಮೇಲೆ ಒಂದು ಉದ್ದದ ನಂಬರ್ ಇರುತ್ತದೆ, ಅದು ನಿಮ್ಮ ಕಡತದ ನಂಬರ್, ಉತ್ತರ ಬರೆಯುವಾಗ ಅದನ್ನು ಬರೆಯಲೇಬೇಕು. ಆಮೇಲೆ ದುಡ್ಡು ಎಷ್ಟು, ತಾರೀಕು ಯಾವುದು. 'ಬಿಸ್' ಅನ್ನುವ ಮಾತಿನ ಪಕ್ಕ ತಾರೀಕು ಇದ್ದರೆ ಅಷ್ಟರೊಳಗೆ ಏನೋ ಮಾಡಬೇಕು ಅಂತ ಅರ್ಥ, ಅದನ್ನು ಆ ಕ್ಷಣವೇ ಫೋನಿನ ಕ್ಯಾಲೆಂಡರಿಗೆ ಹಾಕಿ. ಹಳದಿ ಲಕೋಟೆ ಬಂದರೆ ಲಕೋಟೆಯನ್ನೂ ಎಸೆಯಬೇಡಿ. ಅದು ಕೋರ್ಟು ಅಥವಾ ಸರಕಾರಿ ಇಲಾಖೆಯಿಂದ ಅಧಿಕೃತವಾಗಿ ಮುಟ್ಟಿಸಿದ ಪತ್ರ, ಅಂಚೆಯವರು ಹಾಕಿದ ತಾರೀಕನ್ನು ಲಕೋಟೆಯ ಮೇಲೆ ಬರೆದಿರುತ್ತಾರೆ, ಆ ದಿನದಿಂದಲೇ ಗಡುವು ಶುರು. ಕೆಲವಕ್ಕೆ ಎರಡು ವಾರ ಮಾತ್ರ ಸಮಯ ಇರುತ್ತದೆ. ಊರಿಗೆ ಬರುವಾಗ ಪತ್ರ ನೋಡಲು ಯಾರಿಗಾದರೂ ಪೆಟ್ಟಿಗೆಯ ಕೀಲಿ ಕೊಟ್ಟು ಬನ್ನಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಷ್ಟೆಲ್ಲ ಒಬ್ಬರೇ ಮಾಡಬೇಕು ಅಂತ ಇಲ್ಲ. ಕಾರಿತಾಸ್, ಡಿಯಾಕೊನಿ, ರೆಡ್ ಕ್ರಾಸ್, ಅವೊ ಮುಂತಾದ ಸಂಸ್ಥೆಗಳು ಹೊರದೇಶದಿಂದ ಬಂದವರಿಗೆ ಉಚಿತ ಸಲಹಾ ಕೇಂದ್ರ ನಡೆಸುತ್ತವೆ. ಪತ್ರ ಹಿಡಿದುಕೊಂಡು ಹೋದರೆ ಕೂರಿಸಿ ವಿವರಿಸುತ್ತಾರೆ. ನಮ್ಮವರಿಗೆ ಅಲ್ಲಿಗೆ ಹೋಗಲು ನಾಚಿಕೆ, ಬಡವರಿಗೆ ಮಾತ್ರ ಅನ್ನುವ ಭಾವನೆ. ಹಾಗೇನಿಲ್ಲ, ಹೋಗಿ.

ಮತ್ತೊಂದು ಎಚ್ಚರ. ಬಾಗಿಲಿಗೆ ಬಂದು ಕರೆಂಟು, ಇಂಟರ್ನೆಟ್ ಕಡಿಮೆ ದುಡ್ಡಿಗೆ ಕೊಡುತ್ತೇವೆ ಅನ್ನುವವರಿಗೆ ಸಹಿ ಹಾಕಬೇಡಿ, ಕರೆಂಟ್ ಮೀಟರಿನ ನಂಬರೂ ಕೊಡಬೇಡಿ. ಆಗಲೇ ಸಹಿ ಹಾಕಿಬಿಟ್ಟಿದ್ದರೆ ಮನೆಬಾಗಿಲಲ್ಲಿ, ಫೋನಿನಲ್ಲಿ, ಆನ್‌ಲೈನ್‌ನಲ್ಲಿ ಮಾಡಿಕೊಂಡ ಕರಾರನ್ನು 14 ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಫೋನ್

ಎದುರು ನಿಂತು ಮಾತಾಡುವಾಗ ಮುಖ, ಕೈ, ಕಾಗದ ಎಲ್ಲ ಸಹಾಯಕ್ಕೆ ಬರುತ್ತವೆ. ಫೋನಿನಲ್ಲಿ ಅದು ಯಾವುದೂ ಇಲ್ಲ. ಅದಕ್ಕೇ ಮೊದಮೊದಲು ಫೋನ್ ಮಾಡಲೇಬೇಡಿ. ಡಾಕ್ಟರ ಸಮಯ ಡಾಕ್ಟೊಲಿಬ್ ಆ್ಯಪಿನಲ್ಲಿ ಹಿಡಿಯಬಹುದು, ಇಂಗ್ಲಿಷ್ ಬರುವ ಡಾಕ್ಟರ್ ಬೇಕು ಅಂತಲೂ ಅದರಲ್ಲಿ ಹುಡುಕಬಹುದು. ವಿಮೆ, ಬ್ಯಾಂಕು, ಮನೆ ಮಾಲೀಕರು ಎಲ್ಲರಿಗೂ ಇಮೇಲ್ ಬರೆಯಿರಿ. ಬರವಣಿಗೆಯಲ್ಲಿ ಇದ್ದರೆ ನಿಮ್ಮ ಹತ್ತಿರ ಸಾಕ್ಷಿಯೂ ಉಳಿಯುತ್ತದೆ. ಫೋನ್ ಬಂದರೆ ದಯವಿಟ್ಟು ಇಮೇಲ್ ಮಾಡಿ ಅನ್ನುವ ಒಂದು ಜರ್ಮನ್ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: "ಬಿಟ್ಟೆ ಶ್ರೈಬೆನ್ ಝೀ ಮಿಯರ್ ಐನೆ ಇಮೇಲ್." ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯಲ್ಲಿ ಅರ್ಥವಾಗದ ಪ್ರಶ್ನೆಗೆ ಮರ್ಯಾದೆಗೆ ಅಂತ 'ಯಾ, ಯಾ' (ಹೌದು, ಹೌದು) ಅನ್ನಬೇಡಿ.

ಇಮೇಲಿಗೆ ಉತ್ತರ ಬಾರದಿದ್ದರೆ ತೆರೆದಿರುವ ಹೊತ್ತು ನೋಡಿಕೊಂಡು ನೇರ ಹೋಗಿ. ವಿಷಯವನ್ನು ಜರ್ಮನ್‌ನಲ್ಲಿ ಅನುವಾದ ಮಾಡಿ ಪ್ರಿಂಟ್ ತಗೊಂಡು ಕೌಂಟರಿನ ಮೇಲೆ ಇಡಿ. ಫೋನ್ ತೋರಿಸುವುದಕ್ಕಿಂತ ಕಾಗದ ಕೊಟ್ಟರೆ ಅಲ್ಲಿ ಬೆಲೆ ಜಾಸ್ತಿ.

ಆರೋಗ್ಯ ಕೆಟ್ಟರೆ

ಮಂಗಳೂರಿನಲ್ಲಿ ಇದ್ದವರಿಗೆ ಇದೇ ದೊಡ್ಡ ಹೊಡೆತ. ಇಲ್ಲಿ ಮೂಲೆ ಮೂಲೆಗೂ ಆಸ್ಪತ್ರೆ, ನೇರ ಹೋಗಿ ಸ್ಪೆಷಲಿಸ್ಟ್‌ಗೆ ತೋರಿಸಿ, ಸಂಜೆಗೆ ರಿಪೋರ್ಟ್ ಹಿಡಿದು ಮನೆಗೆ ಬರುತ್ತೇವೆ. ಅಲ್ಲಿ ಮೊದಲು ಮನೆಯ ಹತ್ತಿರದ ಫ್ಯಾಮಿಲಿ ಡಾಕ್ಟರ್, ಅವರು ಹೇಳಿದರೆ ಮುಂದೆ. ಆರೋಗ್ಯ ಚೆನ್ನಾಗಿರುವಾಗಲೇ ಒಬ್ಬ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ಜ್ವರ ಬಂದ ಮೇಲೆ ಹುಡುಕಲು ಹೊರಟರೆ ಹೊಸ ಪೇಷೆಂಟ್ ತಗೊಳ್ಳುವುದಿಲ್ಲ ಅನ್ನುವ ಉತ್ತರ ಸಿಗಬಹುದು. ಡಾಕ್ಟರಿಗೆ ಇಂಗ್ಲಿಷ್ ಬರುವ ಸಾಧ್ಯತೆ ಜಾಸ್ತಿ, ಹೊರಗೆ ರಿಸೆಪ್ಶನ್‌ನಲ್ಲಿ ಕೂತವರಿಗೆ ಬಾರದೇ ಇರಬಹುದು. ಎಲ್ಲಿ ನೋವು, ಎಷ್ಟು ದಿನದಿಂದ, ಯಾವ ಮಾತ್ರೆ ತಗೊಂಡಿರಿ, ಯಾವುದು ಆಗುವುದಿಲ್ಲ ಎಲ್ಲ ಬರೆದುಕೊಂಡು ಹೋಗಿ.

ಜೀವಕ್ಕೆ ಅಪಾಯ ಅನಿಸಿದರೆ 112, ಬೆಂಕಿಗೂ ಅದೇ ನಂಬರ್. ಪೊಲೀಸರಿಗೆ 110. ರಾತ್ರಿ, ಭಾನುವಾರ ಡಾಕ್ಟರ್ ಬೇಕು ಆದರೆ ಆಂಬ್ಯುಲೆನ್ಸ್ ಬೇಕಾಗುವಷ್ಟು ಅಲ್ಲ ಅಂದರೆ 116117. 112ಕ್ಕೆ ಕರೆ ಮಾಡಿದರೆ ಮೊದಲು ಹೇಳಬೇಕಾದದ್ದು ನೀವು ಎಲ್ಲಿದ್ದೀರಿ ಅನ್ನುವುದು. ನಿಮ್ಮ ರಸ್ತೆಯ ಹೆಸರನ್ನು ಪಕ್ಕದ ಮನೆಯವರ ಹತ್ತಿರ ಹೇಳಿಸಿಕೊಂಡು, ಅವರು ಹೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಮ್ಮ ಲಿಪಿಯಲ್ಲಿ ಬರೆದರೆ ಉಚ್ಚಾರ ಬಹಳ ಮಟ್ಟಿಗೆ ಸರಿಯಾಗಿ ಬರುತ್ತದೆ, ಮನೆಯಲ್ಲಿ ಯಾರು ಬೇಕಾದರೂ ಓದಿ ಹೇಳಬಹುದು.

ಔಷಧದ ಅಂಗಡಿ ಅಂದರೆ ಕೆಂಪು ಬಣ್ಣದ ದೊಡ್ಡ 'ಎ' ಇರುವ ಬೋರ್ಡು. ಪ್ಯಾರಾಸಿಟಮಾಲ್ ಅಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಸೂಪರ್ ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ. ಆ್ಯಂಟಿಬಯೋಟಿಕ್ ಮಾತ್ರ ಡಾಕ್ಟರ ಚೀಟಿ ಇಲ್ಲದೆ ಎಲ್ಲಿಯೂ ಕೊಡುವುದಿಲ್ಲ. ಸರಕಾರಿ ವಿಮೆ ಇರುವವರಿಗೆ 2024ರಿಂದ ಆ ಚೀಟಿಯೂ ಕಂಪ್ಯೂಟರಿನಲ್ಲೇ, ಅಂಗಡಿಯಲ್ಲಿ ವಿಮೆಯ ಕಾರ್ಡು ಕೊಟ್ಟರೆ ಆಯ್ತು. ಭಾನುವಾರ ಹತ್ತಿರದಲ್ಲಿ ಯಾವ ಔಷಧದಂಗಡಿ ತೆರೆದಿರುತ್ತದೆ ಅನ್ನುವುದನ್ನು ಮುಚ್ಚಿರುವ ಅಂಗಡಿಯ ಬಾಗಿಲಿಗೆ ಅಂಟಿಸಿರುತ್ತಾರೆ.

ಮನೆ, ಅಂಗಡಿ, ಬಸ್ಸು

ಫ್ಲ್ಯಾಟಿನ ಬಾಗಿಲು ಎಳೆದರೆ ಹೊರಗಿನಿಂದ ತೆರೆಯಲು ಆಗುವುದಿಲ್ಲ, ಕೀಲಿ ಒಳಗೆ ಉಳಿದರೆ ನೀವು ಹೊರಗೆ. ರಾತ್ರಿ ಹೊತ್ತು ಬೀಗ ತೆರೆಯುವವರನ್ನು ಕರೆಸಿದರೆ ನೂರಾರು ಯೂರೋ ಹೋಗುತ್ತದೆ. ಕಸದ ಬುಟ್ಟಿ ಹೊರಗಿಡಲು ಹೋಗುವಾಗಲೂ ಕೀಲಿ ಕೈಯಲ್ಲಿರಲಿ, ಇನ್ನೊಂದು ಕೀಲಿ ಯಾರಾದರೂ ನಂಬುವವರ ಹತ್ತಿರ ಇರಲಿ.

ಚಳಿಗಾಲದಲ್ಲಿ ಕಿಟಕಿ ಮುಚ್ಚಿಟ್ಟು ಗಂಜಿ, ಸಾಂಬಾರು ಕುದಿಸಿದರೆ ಗೋಡೆಗೆ ಬೂಷ್ಟು ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬಟ್ಟೆಗೆ ಬರುವ ಬೂಷ್ಟು ನೋಡಿದ ನಮಗೆ ಅದು ದೊಡ್ಡ ವಿಷಯ ಅನಿಸುವುದಿಲ್ಲ. ಅಲ್ಲಿ ಅದೇ ಕಾರಣಕ್ಕೆ ಮನೆ ಬಿಡುವಾಗ ಅಡ್ವಾನ್ಸ್ ದುಡ್ಡಿನಲ್ಲಿ ಕಡಿತ ಮಾಡುತ್ತಾರೆ. ಎಷ್ಟೇ ಚಳಿ ಇರಲಿ, ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಡಿ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದ ಮಾಡಬಾರದು. ಭಾನುವಾರ ಇಡೀ ದಿನ ಗೋಡೆಗೆ ಮೊಳೆ ಹೊಡೆಯುವುದು, ಡ್ರಿಲ್ ಮಾಡುವುದು ಇಲ್ಲ. ತೆಂಗಿನಕಾಯಿ ಮಸಾಲೆ ಕಡೆಯುವುದಿದ್ದರೆ ಹಗಲಿನಲ್ಲೇ ಮುಗಿಸಿ, ಮಿಕ್ಸಿ ಕೆಳಗೆ ದಪ್ಪ ಬಟ್ಟೆ ಇಡಿ. ಕಸ ವಿಂಗಡಿಸುವುದು ಹಸಿ ಕಸ, ಒಣ ಕಸಕ್ಕಿಂತ ಸ್ವಲ್ಪ ಜಾಸ್ತಿ: ಕಾಗದ ಬೇರೆ, ಪ್ಲಾಸ್ಟಿಕ್ ಪ್ಯಾಕೆಟ್ ಬೇರೆ, ತರಕಾರಿ ಸಿಪ್ಪೆ ಬೇರೆ, ಉಳಿದದ್ದು ಬೇರೆ, ಗಾಜನ್ನು ಬಣ್ಣ ನೋಡಿ ರಸ್ತೆ ಬದಿಯ ಡಬ್ಬಿಗೆ ಹಾಕಬೇಕು, ಅದೂ ಭಾನುವಾರ ಅಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ, ಸೂಪರ್ ಮಾರ್ಕೆಟಿನ ಮೆಶಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್. ನಿಜ ಹೇಳಬೇಕೆಂದರೆ ನೀರು ಕೊಳ್ಳುವ ಅಗತ್ಯವೇ ಇಲ್ಲ, ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲ್ವೆ ಸ್ಟೇಷನ್ನಿನ ಅಂಗಡಿಗಳು, ಕೆಲವು ಬೇಕರಿಗಳು ಮಾತ್ರ ತೆರೆದಿರುತ್ತವೆ. ಶನಿವಾರವೇ ಸಾಮಾನು ತಂದಿಡಿ. ಕ್ಯಾಶ್ ಕೌಂಟರಿನಲ್ಲಿ ಅವರು ಬೇಗ ಬೇಗ ಮುಂದೆ ತಳ್ಳುತ್ತಾರೆ, ಬೆಲೆ ಕಿವಿಗೆ ಬೀಳದಿದ್ದರೆ ಪರದೆಯ ಮೇಲೆ ನೋಡಿ. ಒಳಗೆ ಹೋಗುವಾಗ ನಮಸ್ಕಾರ, ಹೊರಡುವಾಗ ಬರುತ್ತೇನೆ ಅನ್ನುವ ಎರಡು ಮಾತು, "ಹಲೋ", "ಚ್ಯೂಸ್", ಇಷ್ಟನ್ನು ಮರೆಯಬೇಡಿ. ಅದನ್ನು ಹೇಳಿದರೆ ಅವರ ಮುಖ ಬೇರೆಯೇ ಆಗುತ್ತದೆ.

ಊಟದ ಚಿಂತೆ ಅಷ್ಟು ಬೇಡ. ಟರ್ಕಿಯವರ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ, ಕಡಲೆ, ಮಜ್ಜಿಗೆಗೆ ಹತ್ತಿರದ ಐರಾನ್ ಎಲ್ಲ ಸಿಗುತ್ತದೆ. ಶ್ರೀಲಂಕಾ ತಮಿಳರ ಅಂಗಡಿ ಇದ್ದರೆ ನಮಗೆ ಹಬ್ಬ: ಇಡ್ಲಿ ಅಕ್ಕಿ, ಕೆಂಪು ಅಕ್ಕಿ, ತುರಿದ ತೆಂಗಿನಕಾಯಿಯ ಫ್ರೋಜನ್ ಪ್ಯಾಕೆಟ್, ಕೆಲವು ಸಲ ಕರಿಬೇವು ಕೂಡ. ತುಪ್ಪಕ್ಕೆ ಮಾಮೂಲಿ ಅಂಗಡಿಯಲ್ಲೇ 'ಬುಟರ್‌ಶ್ಮಾಲ್ಟ್ಸ್' ಅಂತ ಸಿಗುತ್ತದೆ. ಸಸ್ಯಾಹಾರಿಗಳು 'ಗೆಲಾಟಿನೆ' (ಜೆಲಾಟಿನ್), 'ಶ್ವೈನ್' (ಹಂದಿ), 'ರಿಂಡ್' (ದನ) ಈ ಮೂರನ್ನು ಪ್ಯಾಕೆಟ್ ಮೇಲೆ ಗುರುತಿಸಲು ಕಲಿತರೆ ಅರ್ಧ ಕೆಲಸ ಆಯ್ತು.

ಬಸ್ಸಿನಲ್ಲಿ, ಟ್ರಾಮಿನಲ್ಲಿ ನಮ್ಮ ಸಿಟಿ ಬಸ್ಸಿನ ಹಾಗೆ ಕಂಡಕ್ಟರ್ ಬಂದು ಟಿಕೆಟ್ ಟಿಕೆಟ್ ಅನ್ನುವುದಿಲ್ಲ. ಟಿಕೆಟ್ ನೀವೇ ತಗೊಳ್ಳಬೇಕು, ಕೆಲವು ಕಡೆ ತಗೊಂಡ ಮೇಲೆ ಚಿಕ್ಕ ಮೆಶಿನ್‌ಗೆ ತುರುಕಿ ಮುದ್ರೆ ಹಾಕಿಸಿಕೊಳ್ಳಲೂ ಬೇಕು. ಮುದ್ರೆ ಇಲ್ಲದಿದ್ದರೆ ಟಿಕೆಟ್ ಇಲ್ಲದ ಲೆಕ್ಕವೇ, ದಂಡ 60 ಯೂರೋ. ಭಾಷೆ ಬರುವುದಿಲ್ಲ ಅಂದರೆ ಬಿಡುವುದಿಲ್ಲ. ಈ ತಲೆನೋವೇ ಬೇಡ ಅಂದರೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು ಮಾಡಿಸಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಲೋಕಲ್ ರೈಲಿಗೆ ಆಗುತ್ತದೆ, ಐಸಿಇ ತರದ ವೇಗದ ರೈಲಿಗೆ ಆಗುವುದಿಲ್ಲ. ನಿಲ್ಲಿಸಬೇಕಾದರೆ ಆ ತಿಂಗಳ ಹತ್ತನೇ ತಾರೀಕಿನೊಳಗೆ ತಿಳಿಸಬೇಕು.

ಭಾಷೆ ಕಲಿಯುವ ಬಗ್ಗೆ

ನಾವು ಕರಾವಳಿಯವರು ಒಂದು ವಿಷಯ ಮರೆತಿರುತ್ತೇವೆ. ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಮೀನು ಮಾರುಕಟ್ಟೆಯಲ್ಲಿ ಮತ್ತೆ ತುಳು, ಟಿವಿಯಲ್ಲಿ ಹಿಂದಿ. ಇದನ್ನೆಲ್ಲ ಯಾರೂ ವ್ಯಾಕರಣ ಪುಸ್ತಕ ಇಟ್ಟುಕೊಂಡು ಕಲಿತದ್ದಲ್ಲ. ಅದೇ ಅಂಗಡಿಗೆ ಹೋಗಿ, ಅದೇ ಮಾತು ಕೇಳಿ, ತಪ್ಪು ತಪ್ಪಾಗಿ ಹೇಳಿ ಕಲಿತದ್ದು. ಕ್ಲಾಸಿಗೆ ಹೋಗಿ, ಖಂಡಿತ ಹೋಗಿ, ಜೊತೆಗೆ ಆ ಹಳೇ ಅಭ್ಯಾಸವನ್ನೂ ಹೊರಗೆ ತೆಗೆಯಿರಿ. ದಿನಾ ಒಂದೇ ಬೇಕರಿಗೆ, ಒಂದೇ ಹೊತ್ತಿಗೆ ಹೋಗಿ. ಮುಂದೆ ನಿಂತವರು ಏನು ಹೇಳುತ್ತಾರೆ ಕೇಳಿಸಿಕೊಳ್ಳಿ, ಅದನ್ನೇ ಹೇಳಿ. ಎದುರಿನವರು ಇಂಗ್ಲಿಷಿಗೆ ತಿರುಗಿದರೆ ಬೇಜಾರು ಮಾಡಿಕೊಳ್ಳದೆ, ನಾನು ಕಲಿಯುತ್ತಿದ್ದೇನೆ, ನಿಧಾನ ಮಾತಾಡಿ ಅಂತ ಕೇಳಿಕೊಳ್ಳಿ.

ನಮ್ಮೂರಿಗೂ ಹೀಗೆ ಬಂದವರು ಇದ್ದರಲ್ವಾ. ಜರ್ಮನಿಯ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ ಕೆಲಸಕ್ಕೆ ಮಂಗಳೂರಿಗೆ ಬಂದದ್ದು 1836ರಲ್ಲಿ. 1843ರ ಜುಲೈಯಲ್ಲಿ ಅವರೇ ಇಲ್ಲಿಂದ 'ಮಂಗಳೂರ ಸಮಾಚಾರ' ಹೊರಡಿಸಿದರು, ಅದು ಕನ್ನಡದ ಮೊದಲ ಪತ್ರಿಕೆ. ಏಳು ವರ್ಷದಲ್ಲಿ ಒಬ್ಬರು ನಮ್ಮ ಭಾಷೆಯಲ್ಲಿ ಪತ್ರಿಕೆ ನಡೆಸುವಷ್ಟು ಆದರು. ನೀವು ಪತ್ರಿಕೆ ಮಾಡಬೇಕಾಗಿಲ್ಲ, ಮಗುವಿನ ಟೀಚರ್ ಜೊತೆ ಹತ್ತು ನಿಮಿಷ ಮಾತಾಡಿದರೆ ಸಾಕು.

ಹೆಚ್ಚುಕಡಿಮೆ ಎಲ್ಲ ಊರುಗಳಲ್ಲಿಯೂ ಫೋಕ್ಸ್‌ಹೋಖ್‌ಶೂಲೆ ಅನ್ನುವ ಸಾರ್ವಜನಿಕ ಕಲಿಕಾ ಕೇಂದ್ರ ಉಂಟು, ಖಾಸಗಿ ಕ್ಲಾಸಿಗಿಂತ ಕಡಿಮೆ ದುಡ್ಡಿಗೆ ಜರ್ಮನ್ ಹೇಳಿಕೊಡುತ್ತಾರೆ. ಸರಕಾರದ ಇಂಟಿಗ್ರೇಶನ್ ಕೋರ್ಸ್ ಸಾಮಾನ್ಯವಾಗಿ 700 ಪಾಠಗಳದ್ದು, ಅದರಲ್ಲಿ 600 ಭಾಷೆಗೆ, 100 ಆ ದೇಶದ ರೀತಿನೀತಿ ತಿಳಿಯಲು. ಗ್ರಂಥಾಲಯಗಳಲ್ಲಿ, ಚರ್ಚುಗಳಲ್ಲಿ ಕೆಲವು ಕಡೆ ವಾರಕ್ಕೊಮ್ಮೆ ಕೂತು ಮಾತಾಡುವ ಗುಂಪುಗಳು ಇರುತ್ತವೆ, ಚಹಾ ಕುಡಿದು ಮಾತಾಡಿ ಬರಬಹುದು. ಕನ್ನಡ ಸಂಘ, ನಮ್ಮ ಊರಿನವರ ವಾಟ್ಸ್ಆ್ಯಪ್ ಗುಂಪು ಎಲ್ಲ ಬೇಕು, ಯುಗಾದಿಗೆ ಒಟ್ಟಿಗೆ ಕೂತು ಉಂಡರೆ ಮನಸ್ಸಿಗೆ ಎಷ್ಟು ನೆಮ್ಮದಿ ಅಂತ ನನಗೆ ಗೊತ್ತು. ಆದರೆ ಪ್ರತಿಯೊಂದನ್ನೂ ಆ ಗುಂಪಿನಲ್ಲೇ ಕೇಳಿ ಮುಗಿಸಿದರೆ ಹೊರಗೆ ಹೋಗುವ ಕಾರಣವೇ ಉಳಿಯುವುದಿಲ್ಲ.

ಗಂಡಂದಿರಿಗೆ, ಕೆಲಸಕ್ಕೆ ಹೋಗುವ ಹೆಂಡತಿಯರಿಗೂ ಒಂದು ಮಾತು. ಎಲ್ಲ ಕೆಲಸ ನೀವೇ ಮಾಡಿ ಮುಗಿಸುವುದು ಪ್ರೀತಿ ಅಂತ ಅಂದುಕೊಳ್ಳಬೇಡಿ. ಬ್ಯಾಂಕ್ ಖಾತೆ, ಬಸ್ ಟಿಕೆಟ್, ಡಾಕ್ಟರ ಅಪಾಯಿಂಟ್‌ಮೆಂಟ್, ಪತ್ರದ ಪೆಟ್ಟಿಗೆಯ ಕೀಲಿ ಮನೆಯಲ್ಲಿರುವವರ ಕೈಯಲ್ಲೂ ಇರಲಿ. ಎಷ್ಟೋ ಹೆಣ್ಣುಮಕ್ಕಳು ಇಲ್ಲಿ ಶಾಲೆಯಲ್ಲಿ ಪಾಠ ಮಾಡಿದವರು, ಬ್ಯಾಂಕಿನಲ್ಲಿ ಕೂತವರು, ಅಲ್ಲಿ ಒಂದು ಹಾಲಿನ ಪ್ಯಾಕೆಟ್ ತರಲು ಸಂಜೆ ಗಂಡ ಬರುವುದನ್ನು ಕಾಯುತ್ತಾರೆ. ಇದು ಅವರ ತಪ್ಪಲ್ಲ. ಮೊದಲ ವಾರವೇ ಒಬ್ಬರೇ ಅಂಗಡಿಗೆ, ಒಬ್ಬರೇ ಎರಡು ಸ್ಟಾಪ್ ದೂರ ಟ್ರಾಮಿನಲ್ಲಿ ಹೋಗಿ ಬರಲಿ.

ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಖುಷಿಪಡಿ, ಆದರೆ ಅವರನ್ನು ದುಭಾಷಿ ಮಾಡಬೇಡಿ. ಅಮ್ಮನ ಗಡ್ಡೆಯ ಬಗ್ಗೆ ಡಾಕ್ಟರ್ ಹೇಳಿದ್ದನ್ನು ಹತ್ತು ವರ್ಷದ ಮಗು ಅಮ್ಮನಿಗೆ ಹೇಳಬೇಕಾದ ಪರಿಸ್ಥಿತಿ ಬರಬಾರದು. ದೊಡ್ಡವರು ಯಾರನ್ನಾದರೂ ಕರೆದುಕೊಂಡು ಹೋಗಿ.

ಅಪ್ಪ, ಅಮ್ಮ ಬರುವಾಗ

ಒಂದು ವರ್ಷ ಆದ ಮೇಲೆ ಅಪ್ಪ, ಅಮ್ಮನನ್ನು ಕರೆಸುವ ಆಸೆ ಬರುತ್ತದೆ. ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) 180 ದಿನಗಳಲ್ಲಿ 90 ದಿನದವರೆಗೆ ಇರಬಹುದು, ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕು. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗೆ ರಕ್ಷಣೆ ಉಂಟೋ ಇಲ್ಲವೋ ಓದಿ. ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ಯುರೋಪಿಗೆ ನೇರ ವಿಮಾನ ಇಲ್ಲ, ಮಧ್ಯದಲ್ಲಿ ಇಳಿದು ಹತ್ತಬೇಕು. ಹಾಗಾಗಿ ವಿಮಾನ ಬದಲಿಸಲು ಸಮಯ ಜಾಸ್ತಿ ಇರುವ ಟಿಕೆಟ್ ನೋಡಿ, ವೀಲ್‌ಚೇರ್ ಸಹಾಯ ಮೊದಲೇ ಕೇಳಿ. ವೀಲ್‌ಚೇರ್ ತಳ್ಳುವವರು ಅವರನ್ನು ಮುಂದಿನ ಗೇಟಿಗೆ ಮುಟ್ಟಿಸುತ್ತಾರೆ, ಭಾಷೆಯ ಗೋಳು ಇರುವುದಿಲ್ಲ.

ಅವರ ಕಿಸೆಯಲ್ಲಿ, ಪರ್ಸಿನಲ್ಲಿ ಒಂದು ಕಾರ್ಡು ಇಡಿ. ಒಂದು ಬದಿ ಜರ್ಮನ್‌ನಲ್ಲಿ: ಇವರು ಇಂಥವರ ತಂದೆ, ಈ ವಿಳಾಸದಲ್ಲಿ ಇದ್ದಾರೆ, ಈ ನಂಬರಿಗೆ ಕರೆ ಮಾಡಿ, ಇಂಥ ಮಾತ್ರೆ ತಗೊಳ್ಳುತ್ತಾರೆ. ಇನ್ನೊಂದು ಬದಿ ಕನ್ನಡದಲ್ಲಿ: ಮನೆಯ ಹತ್ತಿರದ ಸ್ಟಾಪಿನ ಹೆಸರು, ಟ್ರಾಮಿನ ನಂಬರ್, 112. ಮೊದಲ ಎರಡು ದಿನ ಜೊತೆಯಲ್ಲಿ ನಡೆದು ಪಾರ್ಕು, ಬೇಕರಿ, ಮನೆ ಈ ದಾರಿ ತೋರಿಸಿ. ಬಾಗಿಲ ಕೀಲಿಯನ್ನು ಅಪ್ಪನ ಕೊರಳಿಗೇ ಹಾಕಿ, ಅವರು ಬೇಡ ಅಂದರೂ ಬಿಡಬೇಡಿ.